ಗುಣವಾದವಳ ನಿವೇದನೆ

ಅಂಗೈ ಮೇಲಿನ ಲಿಂಗತಂದೆಯೇ, ನಿನ್ನನ್ನು ಕೈಗೆ ತಗೊಳ್ಳುವ ಮೊದಲು ಈಗ ನಾನು ಕಕ್ಕಸಿಗೆ ಹೋಗಿ ಬರುತ್ತೇನೆ. ಆದರೂ ಪೂಜೆಯ ನಡುವೆ ಎದ್ದು ಓಡುವ ಪ್ರಸಂಗ ತಪ್ಪುವುದಿಲ್ಲ. ವಿಭೂತಿ ಇನ್ನೂ ಒಣಗದ ಹಣೆಯಲ್ಲಿ, ಅರ್ಧಕ್ಕೇ ನಿಂತ ಮಂತ್ರದಲ್ಲಿ ನಾನು ನಿನ್ನನ್ನು ವಸ್ತ್ರದಲ್ಲಿ ಸುತ್ತಿ ಕರಡಿಗೆಯೊಳಗಿಟ್ಟು ಎದ್ದದ್ದನ್ನು ನೀನೇ ನೋಡಿದ್ದೀ. ನಮ್ಮತ್ತೆ ಇದ್ದಿದ್ದರೆ ಏನನ್ನುತ್ತಿದ್ದರೋ. ನೀನು ಏನೂ ಅಂದಿಲ್ಲ. ಆ ಧೈರ್ಯದ ಮೇಲೆ ಇವತ್ತು ಎಲ್ಲವನ್ನೂ ನಿನ್ನ ಮುಂದೆ ಇಡುತ್ತೇನೆ, ನಾಚಿಕೆಯ ಮಾತುಗಳನ್ನೂ ಬಿಡದೆ.

ರವಿವಾರ ಪೇಟೆಯ ನಮ್ಮ ಬದುಕು ನಿನಗೆ ಗೊತ್ತಿದ್ದದ್ದೇ. ಕೆಳಗೆ ಅಂಗಡಿ, ಮೇಲೆ ಮನೆ. ಬೆಳಗಾದರೆ ಲಾರಿಗಳು ಓಣಿಯ ಬಾಯಿಗೆ ಬಂದು ನಿಲ್ಲುತ್ತವೆ. ಹಮಾಲರು ಬೆಲ್ಲ, ಅಕ್ಕಿ, ಒಣಮೆಣಸಿನಕಾಯಿಯ ಚೀಲ ಇಳಿಸುತ್ತಾರೆ. ಸಂಕೇಶ್ವರಿ ಮೆಣಸಿನಕಾಯಿಯ ಘಾಟು ಪಾವಟಿಗೆ ಹತ್ತಿ ದೇವರ ಜಗಲಿಯ ತನಕ ಬರುತ್ತದೆ. ಅಡುಗೆ ಮುಗಿಸಿ ಕೆಳಗಿಳಿದು, ಯಜಮಾನರ ಬಾಜೂ ಗಾದಿಯ ಮೇಲೆ ಕೂತು ಖಾತೆ ಬರೆಯುವುದು ನನ್ನ ಕೆಲಸ. ಗಿರಾಕಿಗಳೆಲ್ಲ ಹಳಬರು, ಖಾನಾಪುರ, ಬೈಲಹೊಂಗಲ, ಹುಕ್ಕೇರಿ ಕಡೆಯ ಕಿರಾಣಿ ಅಂಗಡಿಯವರು. ಮಾಲು ಬರೆಸುವ ಮೊದಲು ಕೇಳುತ್ತಾರೆ: "ಅಕ್ಕಾರ, ಈಗ ಆರಾಮ ಅದೀರಲ್ರೀ?" "ಆರಾಮ ಅದೀನ್ರೀ" ಅನ್ನುತ್ತೇನೆ. "ದೊಡ್ಡ ಗಂಡಾಂತರ ಪಾರಾತ ಬಿಡ್ರಿ" ಎಂದು ಅವರಿಗೂ ಸಮಾಧಾನ. ಬಾಜೂ ಮನೆಯ ಮರಾಠಿ ಕಾಕು ಒಬ್ಬರೇ ನನ್ನ ಮುಖ ನೋಡಿ ಸುಮ್ಮನಾಗುವವರು. ರಾತ್ರಿ ನಮ್ಮ ಬಚ್ಚಲದ ನಳ ಎಷ್ಟು ಸಲ ಸಪ್ಪಳ ಮಾಡುತ್ತದೆ ಎಂಬುದು ಗೋಡೆಯಾಚೆ ಅವರಿಗೆ ಕೇಳಿಸುತ್ತದೆ.

ಮೊದಲು ಋಣದ ಮಾತು. ಗರ್ಭಕೋಶದ ಬಾಯಿಯ ಕ್ಯಾನ್ಸರ್ ಎಂದು ಗೊತ್ತಾದಾಗ, ಆಪರೇಷನ್ನಿನ ಹಂತ ದಾಟಿದೆ, ಕರೆಂಟ್, ಅಂದರೆ ವಿಕಿರಣ, ಕೊಟ್ಟೇ ಗುಣ ಮಾಡಬೇಕು ಎಂದರು. ಈ ಹಂತದ ರೋಗಕ್ಕೆ ಎಲ್ಲ ಕಡೆ ಹೆಚ್ಚುಕಡಿಮೆ ಇದೇ ಪದ್ಧತಿ. ಸುಮಾರು 5 ವಾರ, ವಾರಕ್ಕೆ 5 ದಿನ ಹೊರಗಿನಿಂದ ವಿಕಿರಣ. ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಔಷಧದ ಸಲೈನ್. ಕಡೆಗೆ ಗರ್ಭಕೋಶದ ಬಾಯಿಯ ತನಕ ನಳಿಕೆ ಕೂರಿಸಿ, ಅಕ್ಕಿಕಾಳಿಗಿಂತ ಸಣ್ಣದಾದ ಇರಿಡಿಯಂ ಇಲ್ಲವೇ ಕೋಬಾಲ್ಟ್ ಚೂರನ್ನು ಕೆಲವು ನಿಮಿಷ ಒಳಗೆ ಬಿಟ್ಟು ತೆಗೆಯುವ 'ಒಳಗಿನ ಕರೆಂಟ್'. ಹಿಂದೆಲ್ಲ ಇದಕ್ಕಾಗಿ ನಮ್ಮ ಕಡೆಯವರು ಮೀರಜಿಗೆ, ಹುಬ್ಬಳ್ಳಿಯ ನವನಗರಕ್ಕೆ, 1973ರಲ್ಲಿ ಶುರುವಾದ ಬೆಂಗಳೂರಿನ ಕಿದ್ವಾಯಿಗೆ, 1941ರಿಂದ ಇರುವ ಮುಂಬೈನ ಟಾಟಾ ಆಸ್ಪತ್ರೆಗೆ ಗಂಟು ಕಟ್ಟಿಕೊಂಡು ಹೋಗುತ್ತಿದ್ದರು. ಈಗ ಬೆಳಗಾವಿಯಲ್ಲೇ ಕೆಎಲ್‌ಇ ಸಂಸ್ಥೆಯ ದೊಡ್ಡ ಕ್ಯಾನ್ಸರ್ ಆಸ್ಪತ್ರೆ ಎದ್ದಿದೆ. 2025ರ ಜನವರಿ 3ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಬಂದು ಉದ್ಘಾಟಿಸಿದರು. ರೇಡಿಯಂ ಕಂಡುಹಿಡಿದ ಮೇರಿ ಕ್ಯೂರಿಯನ್ನೂ ಈ ಹೊತ್ತು ನೆನೆಯುತ್ತೇನೆ. ಆಕೆ 1934ರಲ್ಲಿ ಮೈಯಲ್ಲಿ ರಕ್ತ ಹುಟ್ಟದೆ ಸತ್ತಳು. ವರ್ಷಗಟ್ಟಲೆ ಅದೇ ಕಿರಣಗಳ ಜೊತೆ ಬಾಳಿದ್ದೇ ಕಾರಣ ಎನ್ನುತ್ತಾರೆ. ನನ್ನ ಗಡ್ಡೆಯನ್ನು ಕರಗಿಸಿದ್ದು ಆ ಮನೆತನದ ಕಿರಣವೇ. ನಾನು ಬದುಕಿದ್ದೇನೆ, ತಂದೆಯೇ. ಅದರ ಬಗ್ಗೆ ತಕರಾರಿಲ್ಲ.

ಆದರೆ ನಮ್ಮ ಪೇಟೆಯ ಅಂಗಡಿಗಳಲ್ಲಿ 'ಇಂದು ರೋಖ, ನಾಳೆ ಉದ್ರಿ' ಎಂಬ ಹಲಗೆ ತೂಗುಬಿಟ್ಟಿರುತ್ತಾರಲ್ಲ, ಕರೆಂಟಿನ ವ್ಯವಹಾರ ಅದಕ್ಕೆ ತದ್ವಿರುದ್ಧ. ಅದು ಜೀವವನ್ನು ಆವತ್ತೇ ಕೈಗೆ ಕೊಟ್ಟು ಕಳಿಸುತ್ತದೆ, ವಸೂಲಿಗೆ ಆಮೇಲೆ ಬರುತ್ತದೆ. ಚಿಕಿತ್ಸೆಯ ದಿನಗಳ ಭೇದಿ, ಉರಿ, ಸುಸ್ತು ಕೆಲವು ವಾರಗಳಲ್ಲಿ ಇಳಿಯಿತು. ಮೈ ತುಂಬಿಕೊಂಡಿತು. ಶ್ರಾವಣಕ್ಕೆ ಕಪಿಲೇಶ್ವರನ ಗುಡಿಗೆ ಹೋಗಿ ಬಂದೆ. ಎಲ್ಲ ಮುಗಿಯಿತು ಅನ್ನಿಸಿದ ಮೇಲೆ, ಎಷ್ಟೋ ತಿಂಗಳು ಕಳೆದ ಮೇಲೆ ಒಂದು ಬೆಳಗ್ಗೆ ರಕ್ತ ಕಂಡಿತು.

ಡಾಕ್ಟರು ಅದನ್ನು ನನಗೆ ಬಿಡಿಸಿ ಹೇಳಿದ್ದಾರೆ; ನಾನು ನಿನಗೆ ಹೇಳುತ್ತೇನೆ, ಹೇಳಿದರೆ ನನಗೇ ಇನ್ನೊಮ್ಮೆ ತಿಳಿಯುತ್ತದೆ. ಗರ್ಭಕೋಶದ ಬಾಯಿಯ ಹಿಂದೆಯೇ ಗುದನಾಳ, ಮುಂದೆಯೇ ಮೂತ್ರಕೋಶ. ನಡುವೆ ಇರುವುದು ಬೆರಳಷ್ಟು ಜಾಗವೂ ಅಲ್ಲ. ಗಡ್ಡೆಗೆ ಹೊಡೆದ ಕಿರಣ ಎಷ್ಟೇ ಜಾಣತನದಿಂದ ಹೊಡೆದರೂ ಅವಕ್ಕೂ ತಾಕುತ್ತದೆ. ಆಗ ಕರುಳಿನ ಗೋಡೆಯೊಳಗಿನ ಕೂದಲಿನಂಥ ರಕ್ತನಾಳಗಳು ನಿಧಾನಕ್ಕೆ ದಪ್ಪಗಾಗುತ್ತ, ಇಕ್ಕಟ್ಟಾಗುತ್ತ, ಮುಚ್ಚುತ್ತ ಹೋಗುತ್ತವೆ. ಇದು ಒಂದು ದಿನದ ಕೆಲಸವಲ್ಲ. ಆರು ತಿಂಗಳು, ವರ್ಷ, ಕೆಲವರಲ್ಲಿ ಇನ್ನೂ ಎಷ್ಟೋ ವರ್ಷ. ರಕ್ತ ಸಾಲದ ಆ ಗೋಡೆ ಬಿರುಸಾಗುತ್ತದೆ. ಕೊರತೆ ತುಂಬಲು ಮೈ ಹೊಸ ನಾಳಗಳನ್ನು ಹುಟ್ಟಿಸುತ್ತದೆ, ಅವಕ್ಕೆ ಗಟ್ಟಿತನ ಇರುವುದಿಲ್ಲ, ಮಲ ತಾಕಿದರೆ ಸಾಕು ಒಡೆಯುತ್ತವೆ. ಮೂತ್ರಕೋಶದಲ್ಲೂ ಹೀಗೆಯೇ. ಇದಕ್ಕೆ ಮದ್ದಿಲ್ಲ ಎಂದೇನಿಲ್ಲ. ಹೊಟ್ಟೆಯ ಹುಣ್ಣಿಗೆ ಕುಡಿಯುವ ಸುಕ್ರಾಲ್ಫೇಟ್ ಔಷಧವನ್ನೇ ಎನಿಮಾ ಆಗಿ ಕೊಡುತ್ತಾರೆ. ದುರ್ಬೀನು ಬಿಟ್ಟು, ಆರ್ಗಾನ್ ಅನಿಲದ ಕಿಡಿಯಿಂದ ಆ ನಾಳಗಳ ಬಾಯಿ ಸುಟ್ಟು ಮುಚ್ಚುತ್ತಾರೆ. ರಕ್ತ ಇಳಿದುಹೋದರೆ ಕಬ್ಬಿಣದ ಗುಳಿಗೆ, ಬೇಕಾದರೆ ರಕ್ತದ ಬಾಟಲಿ. ನಿಲ್ಲುತ್ತದೆ, ಕೆಲವೊಮ್ಮೆ ಮತ್ತೆ ಶುರುವಾಗುತ್ತದೆ.

ಇಷ್ಟೂ ನನಗೆ ಅರ್ಥವಾಗಿದೆ. ಅರ್ಥವಾಗದ್ದು ಒಂದೇ. ಮೊದಲ ಸಲ ರೋಗ ತಾನು ಬಂದ ಸುದ್ದಿ ಹೇಳಿದ್ದು ರಕ್ತದಿಂದ. ಈಗ ಔಷಧ ತನ್ನ ಸುದ್ದಿ ಹೇಳುವುದೂ ರಕ್ತದಿಂದಲೇ. ಎರಡಕ್ಕೂ ಬಣ್ಣ ಒಂದೇ. ಬೆಳಗ್ಗೆ ನಾಲ್ಕಕ್ಕೆ ಬಚ್ಚಲದ ದೀಪದ ಬೆಳಕಲ್ಲಿ ನಿಂತವಳಿಗೆ ಇದು ಹಳೆಯ ವೈರಿಯದೋ, ಕಾಯ್ದವನದೋ ಎಂದು ತಿಳಿಯುವುದು ಹೇಗೆ? ಹೀಗೆ ಮಾಡಿದ್ದು ನೀನೇ ಆದರೆ, ಎರಡಕ್ಕೂ ಬೇರೆ ಬೇರೆ ಬಣ್ಣ ಕೊಡಬಹುದಾಗಿತ್ತು. ಇಷ್ಟು ಮಾತ್ರ ನಿನ್ನ ಮೇಲೆ ನನ್ನ ಸಿಟ್ಟು.

ಬೆನ್ನಿನದೂ ಇದೇ ಕಥೆ. ಚಿಕಿತ್ಸೆಯಿಂದ ಅಂಡಾಶಯಗಳು ಸುಟ್ಟು ಮುಟ್ಟು ಒಮ್ಮೆಲೇ ನಿಲ್ಲುತ್ತದೆ, ಎಲುಬು ಸವೆಯತೊಡಗುತ್ತದೆ. ಅದರ ಮೇಲೆ ಕಿರಣ ತಾಕಿದ ಟೊಂಕದ ಎಲುಬು ಬೇರೆ. ಬಿದ್ದಿಲ್ಲ, ಭಾರ ಎತ್ತಿಲ್ಲ, ಆದರೂ ಅಲ್ಲಿ ಸಣ್ಣ ಬಿರುಕು ಬಿಡುತ್ತದೆ. ಕೂತರೆ ಏಳಲಾಗದ ನೋವು. ಕ್ಯಾನ್ಸರ್ ಎಲುಬಿಗೆ ಇಳಿದರೂ ಅಲ್ಲೇ ನೋವು ಬರುವುದು. ಎಂಆರ್‌ಐ ಆಗಿ, ನೋಡಬಲ್ಲವರು ನೋಡಿ, "ಇದು ಕರೆಂಟಿನ ಬಿರುಕು, ಅದಲ್ಲ" ಎನ್ನುವ ತನಕದ ಆ ದಿನಗಳಲ್ಲಿ ನಾನು ಮನೆಯವರ ಅಂಗಿಗೆ ಗುಂಡಿ ಹೊಲಿಯುತ್ತಿದ್ದೆ, ಮಗಳಿಗೆ ಫೋನಿನಲ್ಲಿ ಮಂಡಿಗೆ ಮಾಡುವ ಹದ ಹೇಳುತ್ತಿದ್ದೆ, ಒಳಗೊಳಗೆ ಕಪಾಟಿನ ಕೀಲಿ ಯಾರಿಗೆ ಕೊಡಬೇಕು ಎಂದು ಲೆಕ್ಕ ಹಾಕುತ್ತಿದ್ದೆ. ಪೆಟ್ ಸ್ಕ್ಯಾನ್ ಎಂಬ ದೊಡ್ಡ ಪರೀಕ್ಷೆಯಲ್ಲೂ ಕಿರಣದಿಂದ ಉರಿದ ಜಾಗ ಕೆಲವೊಮ್ಮೆ ರೋಗದ ಹಾಗೇ ಹೊಳೆಯುತ್ತದಂತೆ. ಯಂತ್ರಕ್ಕೇ ಗೊಂದಲವಾದರೆ ನನ್ನದೇನು.

ತಪಾಸಣೆಗೆ ಒಂದು ಕ್ರಮವಿದೆ. ಮೊದಲ ಎರಡು ವರ್ಷ ಮೂರು ತಿಂಗಳಿಗೊಮ್ಮೆ, ಐದು ವರ್ಷದ ತನಕ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಈ ರೋಗ ಮರಳುವುದಾದರೆ ಬಹುತೇಕ ಮೊದಲ ಎರಡು ಮೂರು ವರ್ಷದೊಳಗೇ ಮರಳುತ್ತದೆ. ಒಂದೊಂದು ವರ್ಷ ದಾಟಿದಂತೆ ಹೆದರಿಕೆ ಇಳಿಯಬೇಕು. ನನ್ನಲ್ಲಿ ಇಳಿಯಲಿಲ್ಲ, ಯಾಕೆಂದರೆ ರೋಗದ ಕಾಲ ಮುಗಿಯುವ ಹೊತ್ತಿಗೆ ಔಷಧದ ಕಾಲ ಶುರುವಾಗಿತ್ತು. ತಪಾಸಣೆಯ ವಾರ ಬಂತೆಂದರೆ ಮನೆಯವರು ಗಿರಾಕಿಗಳ ಮೇಲೆ ರೇಗುತ್ತಾರೆ. ನಾನು ಕಪಾಟು ಒರೆಸುತ್ತೇನೆ, ಒರೆಸಿದ್ದನ್ನೇ ಒರೆಸುತ್ತೇನೆ. ಒಮ್ಮೆ ಒಬ್ಬ ಡಾಕ್ಟರು ರಿಪೋರ್ಟ್ ನೋಡಿ ಫೈಲು ಮಡಚುತ್ತ "ಎಲ್ಲಾ ನಾರ್ಮಲ್ ಅದ. ಸುಮ್ಮನ ಮನಸಿಗೆ ಹಚ್ಕೋಬ್ಯಾಡ್ರಿ" ಎಂದರು. ಅವರ ಬಾಗಿಲ ಹೊರಗೆ ಬೆಂಚಿನ ತುಂಬ ಜನ ಕಾಯುತ್ತಿದ್ದರು, ಅವರದೇನೂ ತಪ್ಪಲ್ಲ. ಆದರೆ ಮನಸ್ಸಿಗೆ ಹಚ್ಚಿಕೊಂಡದ್ದು ನಾನಲ್ಲ, ಮೈ.

ಈಗ ನಾಚಿಕೆಯ ಮಾತು. ನಮ್ಮ ಶರಣರು ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನೂ ಲಿಂಗ ಕಟ್ಟಿಕೊಂಡವರಿಗೆ ಇಲ್ಲವೆಂದರು. ಹನ್ನೆರಡನೆಯ ಶತಮಾನದಲ್ಲೇ ಹೆಂಗಸಿನ ಮುಟ್ಟಿನ ರಕ್ತವನ್ನು ದೇವರ ದಾರಿಯಿಂದ ಅಡ್ಡ ಸರಿಸಿ ಬಿಟ್ಟರು. ಎಂಥ ದೊಡ್ಡ ಕೆಲಸ! ಆದರೂ ನಮ್ಮ ಮನೆಗಳಲ್ಲಿ ಸೂತಕ ಹಿತ್ತಲ ಬಾಗಿಲಿನಿಂದ ಮತ್ತೆ ಒಳಗೆ ಬಂದು ಕೂತಿದೆ. ಹಬ್ಬದ ದಿನ ನೈವೇದ್ಯದ ಅಡುಗೆಗೆ ಕೈ ಹಚ್ಚುವ ಮೊದಲು ಯಾರೂ ಬೇಡ ಅನ್ನದಿದ್ದರೂ ನಾನೇ ಹಿಂದೆ ಸರಿದದ್ದುಂಟು. ಮುಟ್ಟು ನಿಂತವಳಿಗೆ ಇದು ಯಾವ ರಕ್ತ? ಐದರ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲದ್ದು. ಶರಣರು ಹೇಳದೆ ಬಿಟ್ಟದ್ದನ್ನು ನಾನೇ ಹೇಳಿಕೊಳ್ಳುತ್ತೇನೆ: ಔಷಧದ ರಕ್ತಕ್ಕೂ ಸೂತಕವಿಲ್ಲ. ನೀನು ಅಲ್ಲ ಅಂದರೆ ಅನ್ನು.

ಇನ್ನೂ ಒಂದಿದೆ. ಈ ರೋಗ ಬರುವುದು ಎಚ್‌ಪಿವಿ ಎಂಬ ವೈರಾಣುವಿನಿಂದ. ಅದನ್ನು ತೋರಿಸಿಕೊಟ್ಟದ್ದಕ್ಕೆ ಜರ್ಮನಿಯ ಹರಾಲ್ಡ್ ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಸಂಸಾರ ಮಾಡಿದವರಲ್ಲಿ ಹೆಚ್ಚಿನವರಿಗೆ ಒಂದಿಲ್ಲೊಂದು ಕಾಲಕ್ಕೆ ತಗಲಿ, ತಾನೇ ಹೋಗುವಂಥದ್ದು. ಕೆಲವರಲ್ಲಿ ಹೋಗದೆ ಉಳಿದು ವರ್ಷಾನುಗಟ್ಟಲೆ ಆದ ಮೇಲೆ ಗಡ್ಡೆಯಾಗುತ್ತದೆ. ಇದರಲ್ಲಿ ಪಾಪ ಎಲ್ಲಿ ಬಂತು? ಆದರೂ ಮಾತಾಡಿಸಲು ಬಂದವರು ಚಹಾ ಕುಡಿದು "ಯಾವ ಜನ್ಮದ ಕರ್ಮವೋ" ಎಂದು ಹೇಳಿ ಹೋದರು. ಮನೆಯವರು ಅವರನ್ನು ಬಾಗಿಲ ತನಕ ಬಿಟ್ಟು ಬಂದು ಏನೂ ಮಾತಾಡದೆ ನನ್ನ ಗುಳಿಗೆಯ ಡಬ್ಬಿ ಜೋಡಿಸಿದರು. ನಾಚಿಕೆಯ ಇನ್ನೊಂದು ಮಾತು: ಕಿರಣ ಹೆಂಗಸಿನ ಒಳಗಿನ ದಾರಿಯನ್ನು ಕುಗ್ಗಿಸಿ ಗಟ್ಟಿಯಾಗಿಸುತ್ತದೆ. ಅದಕ್ಕೆ ಸಾಧನವಿದೆ, ಮಾಡಿಕೊಳ್ಳುವ ವ್ಯಾಯಾಮವಿದೆ ಎಂದು ನರ್ಸ್ ಒಬ್ಬಾಕೆ ದನಿ ತಗ್ಗಿಸಿ ಹೇಳಿಕೊಟ್ಟಳು. ಗಂಡ ಹೆಂಡಿರ ನಡುವೆ ಅದರಿಂದ ಆದದ್ದನ್ನು ಇಬ್ಬರೂ ಸೇರಿ ಡಾಕ್ಟರ ಮುಂದೆ ಹೇಳುವ ರೂಢಿ ನಮ್ಮಲ್ಲಿಲ್ಲ. ಆ ಮನುಷ್ಯನ ತಾಳ್ಮೆಯನ್ನು ನಿನ್ನ ಲೆಕ್ಕದಲ್ಲಿ ಜಮಾ ಮಾಡಿಕೋ.

ತವರಿನ ಮಾತಿಗೆ ಬರುತ್ತೇನೆ. ಖಾನಾಪುರ ಇಲ್ಲಿಂದ ಏನು ದೂರ? ಪೀರನವಾಡಿ, ಮಚ್ಛೆ, ದೇಸೂರು ದಾಟಿದರೆ ತಾಸಿನೊಳಗೆ ಊರು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸಿನ ಟಿಕೀಟಿಗೆ ದುಡ್ಡೂ ಇಲ್ಲ. ಬಸ್ಸು ಪುಕ್ಕಟೆ ಆಯಿತು, ಆದರೆ ನನ್ನ ಹೊಟ್ಟೆಯ ಸಲುವಾಗಿ ಅದು ನಡುದಾರಿಯಲ್ಲಿ ನಿಲ್ಲುವುದಿಲ್ಲವಲ್ಲ. ಬಂತೆಂದರೆ ಎರಡು ನಿಮಿಷವೂ ತಡೆಯಲಾಗದ ಅವಸರ ಅದು. ಹಾಗಾಗಿ ನನ್ನ ತಲೆಯಲ್ಲಿ ಊರಿನ ನಕ್ಷೆಯೇ ಬದಲಾಗಿದೆ. ಯಾವ ಹೋಟೆಲಿನವರು ಒಳಗೆ ಬಿಡುತ್ತಾರೆ, ಯಾವ ಪೆಟ್ರೋಲ್ ಬಂಕಿನ ಕಕ್ಕಸಿಗೆ ಕೀಲಿ ಹಾಕಿರುತ್ತದೆ, ಯಾವ ಗುಡಿಯ ಹಿಂದೆ ನಳವಿದೆ, ಎಲ್ಲ ಬಾಯಿಪಾಠ. ಸಾವಿರಾರು ಜನ ಓಡಾಡುವ ಪೇಟೆಯಲ್ಲಿ ಹೆಂಗಸರಿಗೊಂದು ನೆಟ್ಟಗಿನ ಶೌಚಾಲಯ ಇಲ್ಲದಿರುವುದು ಊರಿಗೆ ಸಣ್ಣ ಮಾತು ಇರಬಹುದು. ಕರೆಂಟ್ ಆದ ಹೆಂಗಸಿಗೆ ಅದು ಹೊರಗೆ ಬರಬೇಡ ಎಂದು ಬಾಗಿಲು ಹಾಕಿದ ಹಾಗೆ. ಶಿವರಾತ್ರಿಯ ದಿನ ಕಪಿಲೇಶ್ವರನ ಸರದಿಯಲ್ಲಿ ನಿಲ್ಲುವುದನ್ನು ಬಿಟ್ಟಿದ್ದೇನೆ. ಸಂದಣಿ ಕರಗಿದ ಮೇಲೆ, ಏನೂ ತಿನ್ನದ ಹೊಟ್ಟೆಯಲ್ಲಿ ಹೋಗಿ ಕೈ ಮುಗಿದು ಬರುತ್ತೇನೆ. ಉಪವಾಸದ ಪುಣ್ಯವೂ ಬಂದಂತಾಯಿತು ಎಂದು ಮನೆಯವರು ನಗುತ್ತಾರೆ.

ಊಟದ ಸಂಗತಿ ಹೇಳಿದರೆ ನೀನೂ ನಗಬಹುದು. ಕರುಳಿಗೆ ಈಗ ಹಾಲು ಒಗ್ಗುವುದಿಲ್ಲ. ಬೆಳಗಾವಿಯಲ್ಲಿ ಬಾಳುವವಳಿಗೆ ಕುಂದಾ ವರ್ಜ್ಯ! ಬಂದ ನೆಂಟರೆಲ್ಲ ಅದರದೇ ಡಬ್ಬಿ ಹಿಡಿದು ಬರುತ್ತಾರೆ. ಶೇಂಗಾ ಚಟ್ನಿ, ಸೊಪ್ಪಿನ ಪಲ್ಯ, ಹಸಿ ಸೌತೆಕಾಯಿ, ನಮ್ಮ ಅಂಗಡಿಯದೇ ಖಾರದ ಪುಡಿ ಎಲ್ಲ ಒಂದೊಂದಾಗಿ ತಾಟಿನಿಂದ ಇಳಿದವು. ಮೆತ್ತನ್ನ ಅನ್ನ, ಮಜ್ಜಿಗೆ ಉಳಿದವು. ಸಣ್ಣ ಕರುಳಿನ ಕೊನೆಗೆ ಕಿರಣ ತಾಕಿದ್ದರೆ ಮೈ ಬಿ-12 ಹೀರಿಕೊಳ್ಳುವುದೂ ಕಡಿಮೆಯಾಗುತ್ತದೆ, ಅದಕ್ಕೂ ಸೂಜಿ. ಬರೇ ಸುಸ್ತು ಎಂದು ಮೂಲೆಯಲ್ಲಿ ಕೂತ ಎಷ್ಟು ಹೆಂಗಸರಿಗೆ ಆ ಒಂದು ರಕ್ತಪರೀಕ್ಷೆ ಆಗಿರುತ್ತದೋ.

ತವರಿಗೆ ಹೋದಾಗ ಅಣ್ಣ ಮೋಟಾರಿನಲ್ಲಿ ಅಸೋಗಕ್ಕೆ ಕರೆದೊಯ್ಯುತ್ತಾನೆ. ಮಲಪ್ರಭೆಯ ದಂಡೆಯ ರಾಮಲಿಂಗೇಶ್ವರ. ಕಣಕುಂಬಿಯ ಮಾವುಲಿ ಗುಡಿಯ ಹತ್ತಿರ ಹುಟ್ಟಿದ ಹೊಳೆ ಅಲ್ಲಿಗೆ ಬರುವಷ್ಟರಲ್ಲಿ ಅಗಲವಾಗಿರುತ್ತದೆ. ಮುಂದೆ ಮುಗುಟಖಾನ ಹುಬ್ಬಳ್ಳಿಯಲ್ಲಿ ಗಂಗಾಂಬಿಕೆಯ ಐಕ್ಯಸ್ಥಳವನ್ನು ಸುತ್ತಿ, ಸವದತ್ತಿಯ ಎಲ್ಲಮ್ಮನ ಸೀಮೆ ದಾಟಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ದಂಡೆಯಲ್ಲಿ ಬಟ್ಟೆ ಒಗೆಯುವ ಹೆಂಗಸರು ನನ್ನನ್ನು ಮಾತಾಡಿಸುತ್ತಾರೆ. ಕಾಡಿನಂಚಿನ ಹಳ್ಳಿಗಳವರು. ಒಬ್ಬಾಕೆಗೂ ನನ್ನದೇ ರೋಗ, ನನ್ನ ಹಾಗೇ ಕರೆಂಟ್. "ಚೆಕಪ್ಪಿಗೆ ಹೋಗ್ತೀಯೇನವಾ?" ಎಂದೆ. "ಒಂದಿನಾ ಹೋದ್ರ ಒಂದಿನದ ಪಗಾರ ಹೋಗ್ತದ್ರೀ ಅಕ್ಕಾ. ರಗತಾ ಬರ್ತದ, ಮೂಳವ್ಯಾಧಿ ಅಂತ ಔಷಧಾ ತಗೊಂಡೇನಿ" ಎಂದಳು. ನನಗಿರುವ ಹೆದರಿಕೆ ಅವಳಿಗಿಲ್ಲ. ಹೆದರಲು ಬೇಕಾದ ತಿಳಿವಳಿಕೆಯನ್ನು ಅವಳಿಗೆ ಯಾರೂ ಕೊಟ್ಟಿಲ್ಲ. ನಮ್ಮ ದೇಶದಲ್ಲಿ ವರ್ಷಕ್ಕೆ 1.2 ಲಕ್ಷಕ್ಕೂ ಹೆಚ್ಚು ಹೆಂಗಸರಿಗೆ ಈ ರೋಗ ಹೊಸದಾಗಿ ಬರುತ್ತದೆ. ಬದುಕುಳಿದವರು ಎಷ್ಟು ಬಚ್ಚಲಗಳಲ್ಲಿ ಹೀಗೆ ಒಬ್ಬೊಬ್ಬರೇ ನಿಂತಿರುತ್ತಾರೆ, ನೀನೇ ಬಲ್ಲೆ.

ದೂರದ ಒಬ್ಬಾಕೆಯ ಹೆಸರೂ ಈ ನಿವೇದನೆಯಲ್ಲಿರಲಿ. ಅಮೆರಿಕದ ಬಾಲ್ಟಿಮೋರಿನಲ್ಲಿ 1951ರಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಕಪ್ಪು ಹೆಂಗಸಿಗೆ ಇದೇ ರೋಗ ಬಂತು. ರೇಡಿಯಂ ಇಟ್ಟರು, ಅದೇ ವರ್ಷ ಅಕ್ಟೋಬರಿನಲ್ಲಿ ತೀರಿಕೊಂಡಳು. ಅವಳನ್ನು ಕೇಳದೆ ತೆಗೆದುಕೊಂಡ ಅವಳ ಗಡ್ಡೆಯ ಜೀವಕೋಶಗಳು ಇವತ್ತಿಗೂ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿವೆ, ಎಷ್ಟೋ ಔಷಧಗಳಿಗೆ ದಾರಿಯಾಗಿವೆ. ಈಗ ಎಚ್‌ಪಿವಿಗೆ ಲಸಿಕೆ ಇದೆ. ಪುಣೆಯಲ್ಲೇ ಒಂದು ತಯಾರಾಗುತ್ತದೆ. ಅಣ್ಣನ ಮೊಮ್ಮಗಳಿಗೆ ಹಾಕಿಸಿ ಎಂದು ನಾನು ಹಟ ಹಿಡಿದೆ, ಹಾಕಿಸಿದರು. ಅವಳು ಈ ಪುಟ ಓದಿದರೆ ಇದೆಲ್ಲ ಯಾವ ಕಾಲದ ಕಥೆ ಎನ್ನಲಿ.

ನನಗಾಗಿ ಬೇಡುವುದು ಕಡಿಮೆ. ಆಯುಷ್ಯ ಎಷ್ಟಿದೆಯೋ ಇರಲಿ, ಅದರ ಲೆಕ್ಕ ನಿನ್ನದು. ರೋಗ ಮರಳಿ ಬರುವುದಾದರೆ ಬಂದದ್ದು ಬೇಗ ತಿಳಿಯಲಿ. ಬಂದಿಲ್ಲವಾದರೆ, ಬಂದಿಲ್ಲ ಎಂಬುದನ್ನು ನನ್ನ ಮೈ ಒಂದು ರಾತ್ರಿಯ ಮಟ್ಟಿಗಾದರೂ ನಂಬಲಿ. "ಗುಣ ಆತಲ್ಲ, ಇನ್ನೇನು" ಎನ್ನುವವರ ಮುಂದೆ "ಗುಣ ಆಗೇನಿ, ಆದ್ರ ಬ್ಯಾನಿ ಅದ" ಎಂದು ಸಂಕೋಚವಿಲ್ಲದೆ ಹೇಳುವಷ್ಟು ಗಟ್ಟಿ ನಾಲಗೆ ಕೊಡು. ಕಿರಣ ಕೊಡುವವರ ಕೈ ಇನ್ನಷ್ಟು ಸೂಕ್ಷ್ಮವಾಗಲಿ. ಚಿಕಿತ್ಸೆ ಮುಗಿದ ದಿನ ಬಿಡುಗಡೆಯ ಚೀಟಿಯ ಜೊತೆಗೆ, ಮುಂದೆ ಏನೇನು ಆಗಬಹುದು ಎಂಬುದನ್ನು ನಮ್ಮ ಭಾಷೆಯಲ್ಲಿ ಬರೆದ ಒಂದು ಹಾಳೆಯನ್ನೂ ಕೈಗಿಡುವ ಬುದ್ಧಿ ಆಸ್ಪತ್ರೆಗಳಿಗೆ ಬರಲಿ. ನಮ್ಮ ಪೇಟೆಗೆ ಒಂದು ಶೌಚಾಲಯ ಕೊಡು. ಇದು ನಿನಗೆ ಹೇಳಬೇಕಾದದ್ದೋ ಮಹಾನಗರ ಪಾಲಿಕೆಗೋ ಗೊತ್ತಿಲ್ಲ, ಇಬ್ಬರಿಗೂ ಹೇಳಿದಂತಾಯಿತು.

ಉಳಿದ ಮಾತು ನಿನಗಲ್ಲ, ಇದನ್ನು ಓದುತ್ತಿರುವ ಅಕ್ಕತಂಗಿಯರಿಗೆ. ಹೊಟ್ಟೆಗೆ, ಗರ್ಭಕೋಶಕ್ಕೆ ಕರೆಂಟ್ ಆಗಿ ಎಷ್ಟೇ ವರ್ಷವಾಗಿರಲಿ, ರಕ್ತ ಕಂಡರೆ ಮೂಲವ್ಯಾಧಿಯ ಬೋರ್ಡು ನೋಡಿ ಒಳಗೆ ಹೋಗಬೇಡಿ; ಕರೆಂಟ್ ಕೊಟ್ಟ ಆಸ್ಪತ್ರೆಗೇ ಮೊದಲು ಹೋಗಿ. ಬೇರೆ ಕಡೆ ದುರ್ಬೀನು ಬಿಡುವುದಾದರೆ ಮೇಜಿನ ಮೇಲೆ ಮಲಗುವ ಮೊದಲೇ "ನನಗ ಕರೆಂಟ್ ಆಗ್ಯದ್ರೀ" ಎಂದು ಹೇಳಿ. ಕಿರಣ ತಾಕಿದ ಕರುಳಿನಿಂದ ತುಣುಕು ತೆಗೆದರೆ ಆ ಗಾಯ ಕೆಲವೊಮ್ಮೆ ಕೂಡುವುದಿಲ್ಲ, ತೂತು ಉಳಿದುಬಿಡುತ್ತದೆ. ಅಲ್ಲಿ ಕೈ ಹಚ್ಚುವ ಮೊದಲು ಡಾಕ್ಟರಿಗೆ ಇದು ಗೊತ್ತಿರಬೇಕು. ಹಳೆಯ ಫೈಲು ಎಲ್ಲಿದೆ ಎಂದು ಇವತ್ತೇ ಹುಡುಕಿಟ್ಟುಕೊಳ್ಳಿ.